ಜ್ವರ ಮನೆಯಲ್ಲಿ, ಮದ್ದು ಎಷ್ಟು ದೂರದಲ್ಲಿ?

ಬೀಳಗಿ ತಾಲ್ಲೂಕಿನ ಬಾಡಗಂಡಿಯಲ್ಲಿ ಇಂದು ವೈದ್ಯಕೀಯ ಕಾಲೇಜೇ ಇದೆ. ಆಲಮಟ್ಟಿ ಹಿನ್ನೀರಿನ ಈ ಸೀಮೆಯಲ್ಲಿ ಮಲೇರಿಯಾ ಈಗ ಮೊದಲಿನಷ್ಟು ಕಾಡುತ್ತಿಲ್ಲ. ಹೀಗಿರುವಾಗ ಮಕ್ಕಳ ಮಲೇರಿಯಾಕ್ಕೆ ಮನೆಬಾಗಿಲಲ್ಲೇ ಚಿಕಿತ್ಸೆ ಎಂಬ ಮಾತು ಅಪ್ರಸ್ತುತವೆಂದು ಅನೇಕರಿಗೆ ತೋರಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಕೂಲಿ ಕುಟುಂಬಗಳು ಮಂಗಳೂರು, ಗೋವಾಗಳ ಕಟ್ಟಡ ಕೆಲಸಕ್ಕೆ ಮಕ್ಕಳನ್ನು ಕಟ್ಟಿಕೊಂಡು ಗುಳೆ ಹೋಗುತ್ತವೆ. ಮಂಗಳೂರಾದರೋ ದಶಕಗಳಿಂದ ಮಲೇರಿಯಾಕ್ಕೆ ಹೆಸರಾದ ನಗರ. ಅಲ್ಲಿ ತಗುಲಿದ ವೈವಾಕ್ಸ್ ರೋಗಾಣು ಯಕೃತ್ತಿನಲ್ಲಿ ಅಡಗಿದ್ದು, ತಿಂಗಳುಗಳ ನಂತರ ಊರಿನಲ್ಲಿ ಮರುಕಳಿಸಬಲ್ಲದು.

ಮಕ್ಕಳ ವಿಷಯದಲ್ಲಿ ವಿಳಂಬವೇ ದೊಡ್ಡ ಅಪಾಯ. ಫಾಲ್ಸಿಪಾರಂ ಮಲೇರಿಯಾ ಒಂದೆರಡು ದಿನಗಳಲ್ಲೇ ಮಿದುಳಿಗೆ ಏರಬಹುದು. ಇಥಿಯೋಪಿಯಾದ ಟಿಗ್ರೆ ಪ್ರಾಂತ್ಯದಲ್ಲಿ ನೆರೆಹೊರೆಯ ತಾಯಂದಿರಿಗೆ ಕ್ಲೋರೋಕ್ವಿನ್ ಕೊಡುವ ಕ್ರಮವನ್ನು ಕಲಿಸಿದಾಗ ಐದು ವರ್ಷದೊಳಗಿನ ಮಕ್ಕಳ ಸಾವು ಶೇ 40ರಷ್ಟು ತಗ್ಗಿತೆಂದು 2000ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಎಲ್ಲ ಜ್ವರಕ್ಕೂ ಅದೇ ಮಾತ್ರೆ ಎಂಬ ರೂಢಿ ಔಷಧ ನಿರೋಧಕತೆಗೆ ದಾರಿ ಮಾಡಿಕೊಡುತ್ತದೆ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿ ಮೊದಲು ಪರೀಕ್ಷೆ, ಅನಂತರ ಮದ್ದು ಎಂಬ ನಿಯಮವನ್ನು ಮುಂದಿಟ್ಟಿತು. ಬೆರಳ ತುದಿಯ ಒಂದು ಹನಿ ರಕ್ತದಿಂದ ಕಾಲು ಗಂಟೆಯಲ್ಲಿ ಫಲಿತಾಂಶ ನೀಡುವ ಪರೀಕ್ಷಾ ಪಟ್ಟಿಯು ಈ ಕೆಲಸವನ್ನು ಆಶಾ ಕಾರ್ಯಕರ್ತೆಗೂ ಸಾಧ್ಯವಾಗಿಸಿದೆ.

ಆತಂಕವಿರುವುದು ಬೇರೆಡೆ. ದೇಶದಲ್ಲಿ 1965ರ ಹೊತ್ತಿಗೆ ಒಂದು ಲಕ್ಷಕ್ಕೆ ಇಳಿದಿದ್ದ ಮಲೇರಿಯಾ ಪ್ರಕರಣಗಳು, ನಿಗಾ ಸಡಿಲಗೊಂಡದ್ದೂ ಸೇರಿ ಹಲವು ಕಾರಣಗಳಿಂದ 1976ರಲ್ಲಿ 64 ಲಕ್ಷಕ್ಕೆ ಏರಿದವು. ರೋಗ ಕಡಿಮೆಯಾದೊಡನೆ ಅದರ ಬಾಬ್ತಿನ ಅನುದಾನವನ್ನು ಕತ್ತರಿಸುವುದು ಆಡಳಿತದ ಹಳೆಯ ಚಾಳಿ. ಅಂತಹ ಕಡತಗಳಿಗೆ ನಾನೂ ಸಹಿ ಹಾಕಿದವನೇ. ಈಗ 2027ರೊಳಗೆ ಸ್ಥಳೀಯ ಸೋಂಕನ್ನು ಶೂನ್ಯಕ್ಕಿಳಿಸುವ, 2030ಕ್ಕೆ ನಿರ್ಮೂಲನೆ ಸಾಧಿಸುವ ಗುರಿ ದೇಶದ ಮುಂದಿದೆ. ಆದರೆ ಆಶಾ ಕಾರ್ಯಕರ್ತೆಗೆ ಸಲ್ಲುವ ಪ್ರೋತ್ಸಾಹಧನ ಬಹುಮಟ್ಟಿಗೆ ಕೆಲಸದ ಎಣಿಕೆಯನ್ನೇ ಅವಲಂಬಿಸಿದೆ. ರೋಗಿಗಳೇ ಇಲ್ಲವಾದಂತೆ ಆಕೆಯ ಗಳಿಕೆಯೂ, ಅಭ್ಯಾಸವೂ ಕುಗ್ಗುತ್ತವೆ. ಅರ್ಥಶಾಸ್ತ್ರದ ದೃಷ್ಟಿಯಿಂದ ಇದು ಬೆಂಕಿ ಬಿದ್ದ ದಿನ ಮಾತ್ರ ಅಗ್ನಿಶಾಮಕ ಸಿಬ್ಬಂದಿಗೆ ಸಂಬಳ ಕೊಟ್ಟಂತೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕುಳಿತ ಆಶಾ ಕಾರ್ಯಕರ್ತೆಯರು ನಿಶ್ಚಿತ ಗೌರವಧನ ಕೇಳಿದ್ದನ್ನು ಈ ಹಿನ್ನೆಲೆಯಲ್ಲಿಯೂ ನೋಡಬೇಕು.

ಸರ್ಕಾರ ಸನ್ನದ್ಧತೆಗೇ ಬೆಲೆ ಕಟ್ಟಲಿ. ಆಶಾ ಕಾರ್ಯಕರ್ತೆಯ ಚೀಲದಲ್ಲಿ ಅವಧಿ ಮೀರದ ಪರೀಕ್ಷಾ ಪಟ್ಟಿ, ವಯಸ್ಸಿಗೆ ತಕ್ಕ ಪ್ರಮಾಣದ ಮಾತ್ರೆ ಇರಲಿ. ಜ್ವರದ ಮಗುವಿನ ತಾಯಿಯನ್ನು ‘ಎಲ್ಲಿ ದುಡಿಯಲು ಹೋಗಿದ್ದಿರಿ?’ ಎಂದು ಕೇಳುವುದು ಕಡ್ಡಾಯವಾಗಲಿ. ಮಗುವಿಗೆ ಸೆಳವು ಬಂದರೆ, ಹಾಲು ಕುಡಿಯದಿದ್ದರೆ, ಮಂಪರು ಕವಿದರೆ ತಡಮಾಡದೆ ಆಸ್ಪತ್ರೆಗೇ ಒಯ್ಯಬೇಕು. ವೈದ್ಯಕೀಯ ಕಾಲೇಜು ಊರಲ್ಲೇ ಇರುವುದು ಭಾಗ್ಯವೇ; ಆದರೆ ತನ್ನ ಮಗುವಿಗೆ ಬಂದಿರುವುದು ಬರಿಯ ಜ್ವರವಲ್ಲವೆಂದು ಆ ತಾಯಿಗೆ ಮೊದಲ ದಿನವೇ ಹೇಳಬಲ್ಲವಳು ಆಶಾ ಕಾರ್ಯಕರ್ತೆ ಮಾತ್ರ.