ಕರಿಜೀರಿಗೆ ಜೀರಿಗೆಯೂ ಅಲ್ಲ, ಈರುಳ್ಳಿ ಬೀಜವೂ ಅಲ್ಲ!

ವಾಟ್ಸಾಪ್‌ನಲ್ಲಿ ಸುತ್ತುತ್ತಲೇ ಇರುವ ಒಂದು 'ರಾಮಬಾಣ' ಇದೆ. 250 ಗ್ರಾಂ ಮೆಂತ್ಯ, 100 ಗ್ರಾಂ ಓಮ, 50 ಗ್ರಾಂ ಕರಿಜೀರಿಗೆ ಹುರಿದು ಪುಡಿ ಮಾಡಿ ರಾತ್ರಿ ಕುಡಿಯಿರಿ, ಬೊಜ್ಜು ಮಾಯ, ಶುಗರ್ ಮಾಯ! ನಿಮಗೂ ಬಂದಿರುತ್ತೆ ಬಿಡಿ.

ತಮಾಷೆ ಏನು ಗೊತ್ತಾ? ಹಿಂದಿಯ ಮೂಲದಲ್ಲಿರೋದು 'ಕಾಲೀ ಜೀರೀ'. ಅದು ನಮ್ಮ ಕಾಡುಜೀರಿಗೆ. ಸೂರ್ಯಕಾಂತಿಯ ಕುಟುಂಬದ್ದು, ವಿಪರೀತ ಕಹಿ, ಹಿಂದಿನವರು ಜಂತುಹುಳಕ್ಕೆ ಕೊಡುತ್ತಿದ್ದ ಮದ್ದು. ಅನುವಾದ ಮಾಡಿದ ಪುಣ್ಯಾತ್ಮ ಅದನ್ನು ಕರಿಜೀರಿಗೆ ಮಾಡಿಬಿಟ್ಟ. ಕರಿಜೀರಿಗೆ ಅಂದ್ರೆ ಕಲೋಂಜಿ, ನೈಜೆಲ್ಲಾ ಸಟೈವಾ. ತಿಳಿನೀಲಿ ಹೂ ಬಿಡುವ ಪುಟ್ಟ ಗಿಡ. ಜೀರಿಗೆಗೂ ಅದಕ್ಕೂ ನೆಂಟಸ್ತಿಕೆಯೇ ಇಲ್ಲ! ಇನ್ನು ಬಿರಿಯಾನಿಗೆ ಹಾಕುವ ಶಾಜೀರಿಗೆ ಮೂರನೆಯದು, ಅದನ್ನೂ ಅಂಗಡಿಯವರು 'ಕಪ್ಪು ಜೀರಿಗೆ' ಅಂತಾರೆ. ಇದು ಸಾಲದು ಅಂತ ಕಲೋಂಜಿ ಪ್ಯಾಕೆಟ್ಟಿನ ಮೇಲೆ 'ಈರುಳ್ಳಿ ಬೀಜ' ಅಂತ ಬೇರೆ ಅಚ್ಚು ಹಾಕೋರಿದ್ದಾರೆ.

ಒಂದೇ ಹೆಸರಿನ ಮೂರು ವೇರಿಯಬಲ್ ಇಟ್ಟು ಕೋಡ್ ಬರೆದರೆ ನಮ್ಮ ಟೀಮ್ ಲೀಡ್ ಬಿಡ್ತಾರಾ? ಹೊಟ್ಟೆಗೆ ಹೋಗೋ ವಿಷಯದಲ್ಲಿ ಮಾತ್ರ ಎಲ್ಲಾ ಓಕೆ!

'ಹೆಸರಲ್ಲೇನಿದೆ, ಎಲ್ಲಾ ನ್ಯಾಚುರಲ್ ತಾನೇ' ಅನ್ನೋರಿಗೆ ಒಂದು ಮಾತು. ಕಲೋಂಜಿ ರಕ್ತದ ಸಕ್ಕರೆಯನ್ನೂ ಬಿ.ಪಿ.ಯನ್ನೂ ಸ್ವಲ್ಪ ಇಳಿಸುತ್ತೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಅದಕ್ಕೇ ಹುಷಾರಾಗಿರಬೇಕು ಸ್ವಾಮಿ! ಮೊದಲೇ ಶುಗರ್ ಮಾತ್ರೆ ನುಂಗುತ್ತಿರುವ ಅಪ್ಪ-ಅಮ್ಮ ಡಾಕ್ಟರಿಗೆ ಹೇಳದೆ ಇದನ್ನೂ ಶುರು ಮಾಡಿದರೆ ಸಕ್ಕರೆ ಬೇಕಾದ್ದಕ್ಕಿಂತ ಕೆಳಗಿಳಿಯಬಹುದು. ಮಾತ್ರೆ ಬಿಟ್ಟು ಇದೊಂದನ್ನೇ ನಂಬಿದರಂತೂ ಕಥೆ ಇನ್ನೂ ಕೆಟ್ಟದ್ದು. ಕೆಲಸ ಮಾಡುವ ವಸ್ತುವಿಗೆ ಅಡ್ಡಪರಿಣಾಮವೂ ಇರುತ್ತೆ.

ಹಾಗಂತ ಹಳೆಯದೆಲ್ಲಾ ಗೊಡ್ಡು ಅಂತ ನಾನು ಹೇಳ್ತಿಲ್ಲ. ನೋಡಿ, 16ನೇ ಶತಮಾನದ ಭಾವಪ್ರಕಾಶದಲ್ಲೇ ಮೂರು ಜೀರಿಗೆಗಳನ್ನು ಬೇರೆ ಬೇರೆ ಹೆಸರಿಟ್ಟು ಹೇಳಿದ್ದಾರೆ. ಪರಂಪರೆಯ ಹೆಸರಲ್ಲಿ ಫಾರ್ವರ್ಡ್ ಒತ್ತುವ ನಮಗೆ ಆ ಪರಂಪರೆಯಷ್ಟೂ ಶಿಸ್ತಿಲ್ಲ!

ಗುರುತು ಕಷ್ಟವೇನಲ್ಲ. ಕಲೋಂಜಿ ಮೂಲೆಮೂಲೆಯಾದ ಹೊಳಪಿಲ್ಲದ ಕಪ್ಪು ಕಾಳು, ಉಜ್ಜಿದರೆ ಘಾಟು ವಾಸನೆ. ಶಾಜೀರಿಗೆ ಕಂದು, ಸಣಕಲು, ತುಸು ಬಾಗಿದ್ದು. ಕಾಡುಜೀರಿಗೆ ಉದ್ದಕ್ಕೆ ಗೀರುಗೀರು, ಬಾಯಿಗಿಟ್ಟರೆ ಕಹಿ. ಕಲೋಂಜಿಯನ್ನು ನಾನ್ ಮೇಲೆ ಉದುರಿಸಿ, ಉಪ್ಪಿನಕಾಯಿಗೆ ಹಾಕಿ, ಚಪ್ಪರಿಸಿ. ಯಾರೂ ಬೇಡ ಅನ್ನಲ್ಲ :) ಮದ್ದು ಅಂತ ಹಂಚೋದಾದ್ರೆ ಮಾತ್ರ ಯಾವ ಬೀಜ, ಎಷ್ಟು, ಯಾರಿಗೆ ಅಂತ ಹೇಳಿ. ಹೇಳೋಕಾಗಲ್ವಾ? ಹಾಗಾದ್ರೆ ಫಾರ್ವರ್ಡ್ ಮಾಡಬೇಡಿ.

ಅಂದಹಾಗೆ, ನಿಮ್ಮೂರ ಅಂಗಡಿಯಲ್ಲಿ 'ಕರಿಜೀರಿಗೆ' ಕೇಳಿದ್ರೆ ಈ ಮೂರರಲ್ಲಿ ಯಾವುದು ಕೊಡ್ತಾರೆ?