ನೆರೆ ಬಂದಾಗ ಕರಾರಿನ ಗತಿಯೇನು?

2019ರ ಆಗಸ್ಟಿನಲ್ಲಿ ಪಂಚಗಂಗೆ ಉಕ್ಕಿ, ಕೊಲ್ಹಾಪುರದ ಬಳಿ ಪುಣೆ–ಬೆಂಗಳೂರು ಹೆದ್ದಾರಿ ಹಲವು ದಿನ ಮುಚ್ಚಿತ್ತು. 2021ರ ಜುಲೈಯಲ್ಲಿ ಮತ್ತೆ ಅದೇ ಪಾಡು. ನೀರಿಳಿದ ಮೇಲೆ ಬಿದ್ದ ಗೋಡೆಗಳ ಲೆಕ್ಕವನ್ನು ಸರಕಾರ ಬರೆದುಕೊಳ್ಳುತ್ತದೆ. ಗಡುವಿಗೆ ತಲಪದ ಬಟ್ಟೆ, ನೆನೆದ ನೂಲು, ಕೈಯಲ್ಲುಳಿದ ಮುಂಗಡ – ಇವುಗಳ ಲೆಕ್ಕ ಬರೆಯುವವರು ಯಾರು? ಹೊಳೆಬದಿಯಲ್ಲಿ ಬಾಳುವ ನಮ್ಮ ಓದುಗರಿಗೂ ಈ ಪ್ರಶ್ನೆ ಹೊರಗಿನದಲ್ಲ.

1872ರ ಭಾರತೀಯ ಕರಾರು ಕಾಯಿದೆಯ 56ನೇ ಕಲಮಿನ ಪ್ರಕಾರ, ಕರಾರಾದ ಬಳಿಕ ಕೆಲಸ ಅಸಾಧ್ಯವಾದರೆ ಕರಾರು ಅಲ್ಲಿಗೆ ಶೂನ್ಯ. ಆದರೆ ಕಷ್ಟವೆಲ್ಲ ಅಸಾಧ್ಯವಲ್ಲ. ಕಲ್ಕತ್ತೆಯ ಕಂಪೆನಿಯೊಂದು ರಸ್ತೆ, ಚರಂಡಿ ಮಾಡಿ ನಿವೇಶನ ಕೊಡುವುದಾಗಿ 1940ರಲ್ಲಿ ಒಪ್ಪಿತ್ತು. ಯುದ್ಧಕ್ಕೆಂದು ಸರಕಾರ ಆ ಭೂಮಿಯನ್ನು ತಾತ್ಕಾಲಿಕವಾಗಿ ವಶಪಡಿಸಿಕೊಂಡಾಗ, ಕರಾರು ಮುಗಿಯಿತೆಂದು ಕೈತೊಳೆಯಲು ನೋಡಿತು. ಸತ್ಯವ್ರತ ಘೋಷ್ ಮೊಕದ್ದಮೆಯೆಂದು ಪ್ರಸಿದ್ಧವಾದ ಇದರಲ್ಲಿ ಸುಪ್ರೀಂ ಕೋರ್ಟು 1954ರಲ್ಲಿ ಅದನ್ನು ಒಪ್ಪಲಿಲ್ಲ. ಕೆಲಸಕ್ಕೆ ಗಡುವಿರಲಿಲ್ಲ, ಸಹಿ ಹಾಕುವಾಗಲೇ ಯುದ್ಧ ನಡೆದಿತ್ತು, ಅಡಚಣೆ ಬರಬಹುದೆಂದು ಇಬ್ಬರಿಗೂ ತಿಳಿದಿರಬೇಕಿತ್ತು. ಬೆಲೆಯೇರಿಕೆಯ ನೆಪವೂ ಸಲ್ಲದು. ಇಂಡೋನೇಷ್ಯಾದ ಕಲ್ಲಿದ್ದಲು ತುಟ್ಟಿಯಾಯಿತೆಂದ ವಿದ್ಯುತ್ ಕಂಪೆನಿಗಳಿಗೆ 2017ರಲ್ಲಿ ಇದೇ ನ್ಯಾಯಾಲಯ ಹಾಗೆಂದಿತು. ಲಾರಿ ಸುತ್ತುದಾರಿ ಹಿಡಿದು ಬಾಡಿಗೆ ಹೆಚ್ಚಾದರೆ, ಅದು ಒಪ್ಪಿಕೊಂಡವನ ಹಣೆಬರಹವೆಂದೇ ತಿಳಿಯಬೇಕು.

ಇಚಲಕರಂಜಿಯ ಕೂಲಿ ನೇಯ್ಗೆಯವರ ಸಂಗತಿ ಬೇರೆ. ಮಗ್ಗ ಇವರದು, ನೂಲು ವ್ಯಾಪಾರಿಯದು. ನೂಲು ನೀರುಪಾಲಾದರೆ ಅದರ ಬೆಲೆಯನ್ನು ಮಜೂರಿಯಲ್ಲಿ ಮುರಿದುಕೊಳ್ಳುವುದು ನ್ಯಾಯವೇ? ಅದೇ ಕಾಯಿದೆಯ 151 ಮತ್ತು 152ನೇ ಕಲಮುಗಳು, ತನ್ನ ಸ್ವಂತ ಸೊತ್ತನ್ನು ವಿವೇಕಿ ಕಾಯುವಷ್ಟು ಕಾದವನು ಹೊಣೆಗಾರನಲ್ಲವೆನ್ನುತ್ತವೆ. ಬೇರೆ ಕರಾರಿದ್ದರೆ ಮಾತು ಬೇರೆ. ಚೀಟಿಯ ಅಡಿಯಲ್ಲಿ ಸಣ್ಣಕ್ಷರದ ಸಾಲೊಂದಿದ್ದರೆ ಈ ರಕ್ಷಣೆ ಹೋಯಿತೆಂದೇ ಲೆಕ್ಕ. ಆ ಸಾಲು ಮನೆಮಾತಿನಲ್ಲಿ ಇಲ್ಲದಿದ್ದರೆ ಓದಿಸಿಕೊಳ್ಳಬೇಕಾದ ಕಷ್ಟವನ್ನು ನಮ್ಮವರಿಗೆ ಹೇಳಬೇಕಾಗಿಲ್ಲ.

ಹಿರಣ್ಯಕೇಶಿ ದಡದ ಗಡಹಿಂಗ್ಲಜದಲ್ಲಿ ಮೆಣಸಿನಕಾಯಿ ವ್ಯಾಪಾರ ದೊಡ್ಡದು. 'ಇಂಥ ಹೊಲದ ಬೆಳೆ' ಎಂದು ಒಪ್ಪಿದ್ದು ಕೊಚ್ಚಿಹೋದರೆ ರೈತನಿಗೆ ಬಿಡುಗಡೆಯುಂಟು. ಬರಿದೆ 'ಇಷ್ಟು ಕ್ವಿಂಟಾಲ್' ಎಂದಿದ್ದರೆ ಪೇಟೆಯಿಂದ ಕೊಂಡಾದರೂ ಕೊಡಬೇಕು. ಕರಾರು ಶೂನ್ಯವಾದಲ್ಲಿ ಪಡೆದ ಮುಂಗಡವನ್ನು 65ನೇ ಕಲಮಿನಂತೆ ಹಿಂದಿರುಗಿಸಬೇಕು. ಬೆಳೆಯೂ ಇಲ್ಲ, ಮುಂಗಡವೂ ಖರ್ಚಾಗಿದೆ ಎಂಬಲ್ಲಿ ಇದು ಕಠಿಣವೇ ಸರಿ.

ಇನ್ನು 'ಅನಿರೀಕ್ಷಿತ' ಎಂಬ ಮಾತು. 2005, 2019, 2021ರ ನೆರೆಗಳನ್ನು ಕಂಡ ಊರಿನಲ್ಲಿ ಅದು ಎಷ್ಟು ದಿನ ನಡೆದೀತು? ರಾಜಾರಾಮ ಬಂಧಾರದಲ್ಲಿ ಪಂಚಗಂಗೆ 39 ಅಡಿಗೇರಿದರೆ ಎಚ್ಚರಿಕೆ, 43ಕ್ಕೆ ಅಪಾಯ. 39 ದಾಟಿದ ದಿನ ಸಹಿ ಹಾಕಿದವನು ನೆರೆಯನ್ನು ಕನಸಿನಲ್ಲೂ ನೆನೆಯಲಿಲ್ಲವೆಂದರೆ ನ್ಯಾಯಾಧೀಶರು ನಂಬಲಾರರು.