ಉತ್ತರ ಗೊತ್ತಾಗಿತ್ತಲ್ಲ!

ತೊಂಬತ್ತರ ದಶಕದ ಭಾನುವಾರಗಳು ಅನೇಕ ಪಾಲಕರಿಗೆ ನೆನಪಿರಬಹುದು. ದೂರದರ್ಶನದಲ್ಲಿ ಆಗ ‘ಸುರಭಿ’ ಬರುತ್ತಿತ್ತು. ಎಲ್. ಸುಬ್ರಮಣ್ಯಂ ಸಂಯೋಜಿಸಿದ ಶೀರ್ಷಿಕೆ ಸಂಗೀತ ಕೇಳಿಸಿದರೆ ಸಾಕು, ಅಡುಗೆಮನೆಯಲ್ಲಿದ್ದವರೂ ಕೈ ಒರೆಸಿಕೊಂಡು ಬಂದು ಕೂರುತ್ತಿದ್ದರು. ಸಿದ್ಧಾರ್ಥ ಕಾಕ್ ಮತ್ತು ರೇಣುಕಾ ಶಹಾಣೆ ದೇಶದ ಕಲೆ, ಕಸುಬು, ಹಬ್ಬ, ಹಾಡುಗಳನ್ನು ಪರಿಚಯಿಸುತ್ತಿದ್ದರು. ಕಾರ್ಯಕ್ರಮ ಹಿಂದಿಯಲ್ಲಿತ್ತು. ನಮ್ಮ ಮನೆಯಲ್ಲಿ ಹಿಂದಿ ತಿಳಿಯುತ್ತಿದ್ದುದು ಶಾಲೆಗೆ ಹೋಗುವ ಮಗಳಿಗೆ ಮಾತ್ರ. ಅಜ್ಜಿಗೂ ನಮಗೂ ಅವಳೇ ಮೇಷ್ಟ್ರು!

1990ರಲ್ಲಿ ಶುರುವಾಗಿ 2001ರವರೆಗೆ ನಡೆದ ಈ ಕಾರ್ಯಕ್ರಮದ ಜೀವಾಳ ಅದರ ಪ್ರಶ್ನೆ. ಉತ್ತರವನ್ನು ಅಂಚೆಯಲ್ಲಿ ಕಳಿಸಬೇಕು. ಗೆದ್ದವರಿಗೆ ಪ್ರವಾಸದ ಬಹುಮಾನ. ಒಮ್ಮೆ ಒಂದೇ ವಾರದಲ್ಲಿ 14 ಲಕ್ಷಕ್ಕೂ ಹೆಚ್ಚು ಪತ್ರಗಳು ಬಂದು ಲಿಮ್ಕಾ ದಾಖಲೆ ಪುಸ್ತಕ ಸೇರಿತು. 15 ಪೈಸೆಯ ಕಾರ್ಡುಗಳ ಹೊರೆ ತಾಳಲಾರದೆ ಅಂಚೆ ಇಲಾಖೆ 2 ರೂಪಾಯಿಯ ‘ಸ್ಪರ್ಧಾ ಕಾರ್ಡ್’ ತಂದಿತು.

ಮಗಳು ಆಗ ಹತ್ತನೇ ತರಗತಿ. ಒಂದು ವಾರದ ಪ್ರಶ್ನೆ ಅವಳ ತಲೆ ಹೊಕ್ಕಿತು. ಅಜ್ಜಿಯನ್ನು ಕೇಳಿದಳು, ಚರಿತ್ರೆಯ ಮೇಷ್ಟ್ರ ಮನೆಗೆ ಹೋದಳು, ಗ್ರಂಥಾಲಯದಲ್ಲಿ ಎರಡು ಸಂಜೆ ಕುಳಿತಳು. ಕೊನೆಗೆ ಉತ್ತರ ಬರೆದ ಕಾರ್ಡನ್ನು ನನ್ನ ಕೈಗಿತ್ತು, “ಅಪ್ಪಾ, ಆಫೀಸಿಗೆ ಹೋಗುವಾಗ ಡಬ್ಬಿಗೆ ಹಾಕಿಬಿಡು” ಎಂದಳು.

ನಾನು ಹಾಕಲಿಲ್ಲ. ಪರೀಕ್ಷೆ ಹತ್ತಿರವಿರುವಾಗ ಇದೆಂಥ ಹುಚ್ಚು ಎಂಬ ಸಿಟ್ಟಿನಲ್ಲಿ ಮೇಜಿನ ಡ್ರಾಯರಿಗೆ ಎಸೆದೆ. “ಹಾಕಿದೆಯಾ?” ಎಂದು ಕೇಳಿದಾಗ “ಹೂಂ” ಎಂದೆ. ಮುಂದಿನ ವಾರಗಳಲ್ಲಿ ಅವಳು ವಿಜೇತರ ಹೆಸರಿಗಾಗಿ ಟಿ.ವಿ. ಮುಂದೆ ಕಾಯುತ್ತಿದ್ದರೆ ನಾನು ಪತ್ರಿಕೆಯಿಂದ ಮುಖ ಎತ್ತುತ್ತಿರಲಿಲ್ಲ.

ಎಷ್ಟೋ ವರ್ಷಗಳ ನಂತರ ಮನೆ ಬದಲಿಸುವಾಗ ಆ ಕಾರ್ಡು ಅವಳ ಕೈಗೇ ಸಿಕ್ಕಿತು. ನಾನು ತಲೆ ತಗ್ಗಿಸಿದೆ. ಅವಳು ನಕ್ಕಳು: “ಹೋಗಲಿ ಬಿಡಪ್ಪಾ, ನನಗೆ ಉತ್ತರ ಗೊತ್ತಾಗಿತ್ತಲ್ಲ.” ತುಸು ತಡೆದು ಸೇರಿಸಿದಳು: “ಆದರೆ ಹಾಕಿದೆ ಅಂತ ಹೇಳಬಾರದಿತ್ತು.”

ಆ ಎರಡನೆಯ ಮಾತು ಇಂದಿಗೂ ಚುಚ್ಚುತ್ತದೆ. ಅಂಕಕ್ಕೆ ಬಾರದ ಕುತೂಹಲವೆಲ್ಲ ವ್ಯರ್ಥವೆಂದು ನಾನು ತಿಳಿದಿದ್ದೆ. ಅಂಕದ ಆಸೆಯಿಲ್ಲದೆ ಮಗು ಎರಡು ಸಂಜೆ ಓದುತ್ತದೆಂದರೆ ಅದಕ್ಕಿಂತ ದೊಡ್ಡ ವಿದ್ಯಾಭ್ಯಾಸ ಯಾವುದಿದೆ?

ಈಗ ಉತ್ತರ ಮೊಬೈಲಿನಲ್ಲಿ ಕ್ಷಣಕ್ಕೆ ಸಿಗುತ್ತದೆ. ಸಿಗದಿರುವುದು ಪ್ರಶ್ನೆ ಮತ್ತು ಅದರ ಬೆನ್ನು ಹತ್ತುವ ಸುಖ. ಪಾಲಕರೇ, ವಾರಕ್ಕೊಮ್ಮೆ ಊಟದ ಹೊತ್ತಿಗೆ ಒಂದು ಪ್ರಶ್ನೆ ಇಡಿ. ಮಕ್ಕಳೇ, ಈ ವಾರದ್ದು ನನ್ನಿಂದಲೇ ಇರಲಿ: ಚನ್ನಪಟ್ಟಣದ ಗೊಂಬೆಗೆ ಕುಂಚವಿಲ್ಲದೆ ಬಣ್ಣ ಹತ್ತಿಸುವುದು ಹೇಗೆ? ಮೊದಲು ಮನೆಯ ಹಿರಿಯರನ್ನು ಕೇಳಿ, ಆಮೇಲೆ ಪುಸ್ತಕ ತೆರೆಯಿರಿ. ಸಾಧ್ಯವಾದರೆ ಅಪ್ಪನನ್ನೂ ಕರೆದುಕೊಂಡು ಚನ್ನಪಟ್ಟಣಕ್ಕೇ ಹೋಗಿ ಬನ್ನಿ.